ಮೂವತ್ತೊಂದು ಹೂಂ

ಮೈಗೆ ಸೊಳ್ಳೆ ಮುಲಾಮು ಬಳಿದುಕೊಂಡು ರೇಷ್ಮೆಹುಳು ಸಾಕುವ ಮನೆಯ ಬಾಗಿಲಲ್ಲಿ ಹೋಗಿ ನಿಂತ ಪತ್ರಕರ್ತ ನಾನೊಬ್ಬನೇ ಇರಬೇಕು. ಪತ್ರಕರ್ತ ಎಂದು ಬರೆದುಬಿಟ್ಟೆ, ಆಗಿನ್ನೂ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಹೆಗಲ ಮೇಲೆ ಎರವಲು ತಂದ ಟ್ರೈಪಾಡ್, ಜೇಬಿನಲ್ಲಿ ಅಣ್ಣ ಬಿಟ್ಟುಕೊಟ್ಟ ಹಳೆಯ ಮೊಬೈಲ್, ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ. ಬೆಳಗಿನ ಜಾವ ಮೈಸೂರು ರೈಲು ನಿಲ್ದಾಣದಲ್ಲಿ ಸೊಳ್ಳೆ ಮುತ್ತಿದ್ದಕ್ಕೆ ಕೈಕಾಲು, ಕುತ್ತಿಗೆಗೆಲ್ಲ ಮುಲಾಮು ಹಚ್ಚಿಕೊಂಡಿದ್ದೆ. ಚನ್ನಪಟ್ಟಣದಲ್ಲಿ ಇಳಿದು ಹಳ್ಳಿಯ ಬಸ್ಸು ಹತ್ತುವ ಹೊತ್ತಿಗೆ ಅದು ಮರೆತೂ ಹೋಗಿತ್ತು.

ದೊಡ್ಡಮ್ಮ ಬಾಗಿಲಿನ ನೈಲಾನ್ ಪರದೆಯನ್ನು ಅರ್ಧ ಎತ್ತಿದವರು, ಮೂಗರಳಿಸಿ, ಹಾಗೆಯೇ ಇಳಿಬಿಟ್ಟರು. ಅವರು ನನ್ನ ಸಹಪಾಠಿಯ ದೊಡ್ಡಮ್ಮ. ಅವಳು ಕರೆಯುತ್ತಿದ್ದಳೆಂದು ನಾನೂ ಹಾಗೆಯೇ ಕರೆದೆ.

“ಇದೇನಪ್ಪಾ ವಾಸನೆ?”

“ಸೊಳ್ಳೆಗೆ ಹಚ್ಚಿಕೊಂಡಿದ್ದೆ, ದೊಡ್ಡಮ್ಮ.”

“ಸೊಳ್ಳೆ ಓಡಿಸುವ ಮದ್ದಿಗೆ ಹುಳು ಉಳಿಯುತ್ತದೆಯೇ? ಹೋಗು ತೊಟ್ಟಿಯ ಹತ್ತಿರ.”

ರೇಷ್ಮೆಮನೆಯ ಮಡಿ ಎಂಥದ್ದೆಂದು ನನಗೆ ಗೊತ್ತಾದದ್ದು ಅಂದೇ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಒಳಗೆ ಹೋಗುವಂತಿಲ್ಲ, ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಸೆಂಟು ಹಾಕಿಕೊಳ್ಳುವಂತಿಲ್ಲ. ಹೊಸಿಲಿನಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಊಜಿ ನೊಣ ನುಗ್ಗದಿರಲೆಂದು ಕಿಟಕಿ ಬಾಗಿಲಿಗೆಲ್ಲ ಪರದೆ. ಬೇರೆ ಮನೆಯ ಹುಳು ಮುಟ್ಟಿ ಬಂದವರಿಗಂತೂ ಹೊರಗೇ ನಮಸ್ಕಾರ. ಸುಣ್ಣಕಟ್ಟು ರೋಗವೋ ಸಪ್ಪೆರೋಗವೋ ಬಂದರೆ ತಿಂಗಳ ದುಡಿಮೆ ಎರಡು ದಿನದಲ್ಲಿ ತಿಪ್ಪೆಗೆ. ನನ್ನ ಸಹಪಾಠಿ ಈ ಮನೆಯಲ್ಲೇ ಬೇಸಿಗೆ ರಜೆ ಕಳೆದವಳು. ಕಾಲು ತೊಳೆದುಕೊಂಡು ಸೀದಾ ಒಳಗೆ ಹೋದಳು. ನಾನು ತೊಟ್ಟಿಯ ಬಳಿ ಸೀಗೆಪುಡಿ ಹಾಕಿಕೊಂಡು ಚರ್ಮ ಕೆಂಪಾಗುವವರೆಗೆ ಉಜ್ಜಿಕೊಂಡೆ. ದೊಡ್ಡಪ್ಪನ ಹಳೆಯ ಅಂಗಿ ಕೊಟ್ಟರು. ಅದರಲ್ಲಿ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು.

ಅಲ್ಲಿಗೆ ಹೋಗಿದ್ದೇಕೆಂದರೆ, ಬಹುಮಾಧ್ಯಮ ಪತ್ರಿಕೋದ್ಯಮ ಎಂಬ ವಿಷಯಕ್ಕೆ ನಾವು ಮೂರು ನಿಮಿಷದ ಒಂದು ವರದಿ ಮಾಡಬೇಕಿತ್ತು. ಚಲಿಸುವ ಚಿತ್ರ, ಸ್ಥಿರಚಿತ್ರ, ಸದ್ದು, ಬರಹ ನಾಲ್ಕೂ ಇರಬೇಕು. ಅದುವರೆಗೆ ನಾವು ಕಲಿತಿದ್ದು ಪುಸ್ತಕದ ಪತ್ರಿಕೋದ್ಯಮ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಿಗೆ ಬರುತ್ತಿತ್ತು. ಮೊಬೈಲನ್ನು ಅಡ್ಡ ಹಿಡಿಯಬೇಕೋ ಉದ್ದ ಹಿಡಿಯಬೇಕೋ ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ವಿಭಾಗದಲ್ಲಿ ನಲವತ್ತು ಜನರಿಗೆ ಇದ್ದದ್ದು ಒಂದು ಕ್ಯಾಮೆರಾ. ಅದಕ್ಕೂ ಚೀಟಿ ಎತ್ತಬೇಕು. ನಮಗೆ ಬಂದದ್ದು ಬರೀ ಟ್ರೈಪಾಡ್.

ಮೇಷ್ಟ್ರು ಮಾತ್ರ ಕ್ಯಾಮೆರಾ ಇಲ್ಲವೆಂಬ ದೂರನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರೇಡಿಯೊದಲ್ಲಿ ಕೆಲಸ ಮಾಡಿ ಬಂದವರು. “ಚಿತ್ರ ಅಲುಗಾಡಿದರೆ ಜನ ಸಹಿಸುತ್ತಾರೆ, ಸದ್ದು ಕೆಟ್ಟರೆ ಎದ್ದು ಹೋಗುತ್ತಾರೆ” ಎನ್ನುವುದು ಅವರ ಮಂತ್ರ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ, ಆಕಾಶವಾಣಿ ಎಂಬ ಹೆಸರು ಹುಟ್ಟಿದ ಊರಿನಲ್ಲಿ ಕುಳಿತು ಮೈಕ್ ಹಿಡಿಯಲು ಬಾರದು ಎನ್ನಲು ನಾಚಿಕೆಯಾಗಬೇಕು ಎಂದು ಬೈಯುತ್ತಿದ್ದರು. ಒಂದು ತರಗತಿಯಲ್ಲಿ ಐದು ನಿಮಿಷ ಕಣ್ಣು ಮುಚ್ಚಿಸಿ, ಕೇಳಿದ ಸದ್ದುಗಳನ್ನೆಲ್ಲ ಬರೆಯಲು ಹೇಳಿದರು. ನಾನು ಆರು ಬರೆದೆ. ನನ್ನ ಸಹಪಾಠಿ ಹತ್ತೊಂಬತ್ತು ಬರೆದಳು, ಪಕ್ಕದಲ್ಲಿ ಕುಳಿತ ನನ್ನ ಹೊಟ್ಟೆ ಗುರುಗುಟ್ಟಿದ್ದೂ ಸೇರಿ.

ರೇಷ್ಮೆಹುಳುವಿನ ಯೋಚನೆಯೂ ಅವಳದೇ. “ಕೊನೆಯ ಹಂತದ ಹುಳು ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದಾಗುತ್ತದೆ, ಚಿಕ್ಕಂದಿನಲ್ಲಿ ಎಷ್ಟೋ ಸಲ ಒಣಹಾಕಿದ ಬಟ್ಟೆ ತರಲು ಓಡಿದ್ದೇನೆ” ಎಂದಳು. ನಾನು ನಂಬಿರಲಿಲ್ಲ.

ತೊಳೆದುಕೊಂಡು ಒಳಗೆ ಹೋದಾಗ ನಂಬಿದೆ. ಕಡ್ಡಿ ಸಮೇತ ಹಿಪ್ಪುನೇರಳೆ ಸೊಪ್ಪನ್ನು ಆಗತಾನೆ ಹಾಸಿದ್ದರು. ಅಟ್ಟಣೆಯ ಉದ್ದಕ್ಕೂ ಬಿಳಿಯ ಹುಳುಗಳು ಎಲೆಯಂಚಿಗೆ ಬಾಯಿ ಹಚ್ಚಿ ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ ಕೆಳಗೆ ಸವರುತ್ತಿದ್ದವು. ಒಂದರ ಸದ್ದು ಏನೂ ಇಲ್ಲ. ಎಲ್ಲ ಸೇರಿದರೆ ಅಡಕೆ ತೋಟದ ಮೇಲೆ ಬೀಳುವ ಸಣ್ಣ ಸೋನೆ. ಕೆಳಗೆ ಪಾತ್ರೆ ಇಡಬೇಕೇನೋ ಎನ್ನಿಸುವಷ್ಟು.

“ನಾಲ್ಕನೇ ಜ್ವರ ಎದ್ದು ಐದು ದಿನವಾಯಿತು” ಎಂದರು ದೊಡ್ಡಮ್ಮ. ಅಯ್ಯೋ ಪಾಪ, ಕಾಯಿಲೆಯೇ ಎಂದು ಕೇಳಿದೆ. ಅವರ ಸೊಸೆ ಸೊಪ್ಪಿನ ಹೊರೆಗೆ ಮುಖ ಒತ್ತಿ ನಕ್ಕರು. ಹುಳು ಊಟ ಬಿಟ್ಟು, ತಲೆಯೆತ್ತಿ ಒಂದು ದಿನ ಸುಮ್ಮನೆ ಕೂತು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಹೊಟ್ಟೆಬಾಕತನ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಈ ಒಂದು ವಾರದಲ್ಲೇ ತಿನ್ನುತ್ತದೆ. ಆಮೇಲೆ ಹಣ್ಣಾಗಿ ಗೂಡು ಕಟ್ಟಲು ಹೊರಡುತ್ತದೆ.

ಮೊದಲು ಚಿತ್ರ. ಕೈಯ ಹತ್ತಿರದ ನೋಟ, ಮುಖದ ಹತ್ತಿರದ ನೋಟ, ಇಡೀ ಕೋಣೆ, ಹೆಗಲ ಹಿಂದಿನಿಂದ, ಕೊನೆಗೆ ಯಾರೂ ನಿರೀಕ್ಷಿಸದ ಒಂದು ಕೋನ. ಪ್ರತಿಯೊಂದಕ್ಕೂ ಹತ್ತು ಸೆಕೆಂಡು ಉಸಿರು ಹಿಡಿದು ನಿಲ್ಲಬೇಕು. ಟ್ಯೂಬ್‌ಲೈಟಿನ ಕೆಳಗೆ ಮೊಬೈಲಿನ ಪರದೆಯ ಮೇಲೆ ಕಪ್ಪು ಪಟ್ಟೆಗಳು ತೇಲತೊಡಗಿದವು. ಮೊಬೈಲ್ ಕೆಟ್ಟಿತೆಂದು ಗಾಬರಿಯಾದೆ. ನಮ್ಮ ಕರೆಂಟಿನ ಲಯ ಸೆಕೆಂಡಿಗೆ 50, ಶಟರನ್ನು ಅದಕ್ಕೆ ಹೊಂದಿಸಿ 1/50ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ ಎಂದು ಮೇಷ್ಟ್ರು ಹೇಳಿದ್ದು ನೆನಪಾಗಲು ಹದಿನೈದು ನಿಮಿಷ ಹಿಡಿಯಿತು.

ಆಮೇಲೆ ಮಾತು. ಕಿವಿಗೆ ಹಾಕಿಕೊಳ್ಳುವ ತಂತಿಯಲ್ಲಿರುವ ಪುಟ್ಟ ಮೈಕನ್ನೇ ಪಿನ್ನು ಚುಚ್ಚಿ ದೊಡ್ಡಮ್ಮನ ಸೆರಗಿಗೆ ಸಿಕ್ಕಿಸಿದೆವು. ಅವರು ಮಾತಾಡಿದರು ನೋಡಿ! ಮದುವೆಯಾಗಿ ಬಂದ ವರ್ಷ ಹುಳು ಮುಟ್ಟಲು ಹೇಸಿದ್ದು, ಹುಳು ಹಣ್ಣಾಗುವ ರಾತ್ರಿ ಮನೆಮಂದಿಯೆಲ್ಲ ಕೂತು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡುತ್ತಿದ್ದದ್ದು, ಒಂದು ಸಲ ಬೆಳೆ ಪೂರ್ತಿ ಹೋಗಿ, ದೊಡ್ಡಪ್ಪ ಮೂರು ದಿನ ಯಾರೊಡನೆಯೂ ಮಾತಾಡದೆ ಇದ್ದದ್ದು. ಹನ್ನೆರಡು ನಿಮಿಷ. ಸಂಜೆ ರೈಲಿನಲ್ಲಿ ನಾವಿಬ್ಬರೂ ಗೆದ್ದವರ ಹಾಗೆ ಪುಳಿಯೋಗರೆ ತಿಂದೆವು.

ಮರುದಿನ ಮೇಷ್ಟ್ರು ಲ್ಯಾಬಿನಲ್ಲಿ ಸದ್ದಿನ ಗೆರೆಯನ್ನು ಪರದೆಯ ಮೇಲೆ ಹರಡಿದರು. ದೊಡ್ಡಮ್ಮನ ಮಾತು ಗುಡ್ಡಗಳ ಸಾಲಿನಂತೆ ಏರಿಳಿದಿತ್ತು. ಗುಡ್ಡ ಗುಡ್ಡದ ನಡುವೆ ಒಂದೇ ಆಕಾರದ, ಕಡಲೆಕಾಯಿಯಂಥ ಉಬ್ಬುಗಳು. ಒಂದರ ಮೇಲೆ ಒತ್ತಿದರು. “ಹೂಂ” ಎಂದಿತು. ಇನ್ನೊಂದು. “ಹೂಂ.” ನನ್ನದೇ ದನಿ. ಮೂಗಿನಲ್ಲಿ, ತಗ್ಗಿನಲ್ಲಿ, ಎಲ್ಲವೂ ಅರ್ಥವಾದವನ ಗತ್ತಿನಲ್ಲಿ.

“ಮೂವತ್ತೊಂದು” ಎಂದರು ಮೇಷ್ಟ್ರು. “ಎಣಿಸಿದೆ.”

ದೊಡ್ಡಪ್ಪ ಮೌನವಾದ ಭಾಗ ಬಂತು. “ಮೂರು ದಿನ ಮಾತೇ ಆಡಲಿಲ್ಲ” ಎಂದು ದೊಡ್ಡಮ್ಮ ನಿಲ್ಲಿಸಿದರು. ಆ ನಿಲುಗಡೆಯ ಸರಿಮಧ್ಯಕ್ಕೆ ನನ್ನ ಹೂಂ ಬಂದು ಕೂತಿತು. ನನಗೆ ಕಿವಿ ಬಿಸಿಯಾಯಿತು. ಕತ್ತರಿಸಲು ಆಗದ ಜಾಗ. ಮಾತಿನ ಬಾಲ, ಹಿಂದಿನ ಸೋನೆ, ನನ್ನ ಮೂಗು ಮೂರೂ ಒಂದೇ ಎಳೆಯಾಗಿ ಹೆಣೆದುಕೊಂಡಿದ್ದವು.

ಅಷ್ಟಕ್ಕೇ ಮುಗಿಯಲಿಲ್ಲ. ನಾನು ಬರೆದ ಅಡಿಬರಹದಲ್ಲಿ “150 ಹುಳುಗಳನ್ನು ಸಾಕುತ್ತಿರುವ ಕುಟುಂಬ” ಎಂದಿತ್ತು. ನೂರೈವತ್ತು ಮೊಟ್ಟೆ ಮೇಯಿಸಿದ್ದೇವೆ ಎಂದು ದೊಡ್ಡಮ್ಮ ಹೇಳಿದ್ದನ್ನು ನಾನು ಲೆಕ್ಕ ಹಾಕಿದ್ದು ಹಾಗೆ. ಮೇಷ್ಟ್ರು ವಿಡಿಯೊ ನಿಲ್ಲಿಸಿ, “ಈ ಒಂದು ಚೌಕಟ್ಟಿನಲ್ಲೇ ಇನ್ನೂರು ಹುಳು ಕಾಣುತ್ತಿವೆಯಲ್ಲಯ್ಯಾ, ನಿನ್ನ ಬರಹ ಸುಳ್ಳೆಂದು ನಿನ್ನ ಚಿತ್ರವೇ ಹೇಳುತ್ತಿದೆ” ಎಂದರು. ರೇಷ್ಮೆಯವರ ಬಾಯಲ್ಲಿ ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ರಾಶಿ. ಒಂದೊಂದರಲ್ಲೂ ನಾನೂರರ ಮೇಲೆ. ಆ ಮನೆಯಲ್ಲಿದ್ದದ್ದು 60,000ಕ್ಕೂ ಹೆಚ್ಚು ಹುಳು. ಕಣ್ಣೆದುರು ಸಾವಿರಾರು ಹರಿದಾಡುತ್ತಿರುವಾಗ ನೂರೈವತ್ತು ಎಂದು ಬರೆದುಕೊಂಡೆನಲ್ಲ, ಆಗ ನನ್ನ ಕಣ್ಣು ಎಲ್ಲಿತ್ತೋ.

ಐದನೆಯ ದಿನ ಮತ್ತೆ ಹೋದೆವು. ಈ ಸಲ ಮುಲಾಮಿಲ್ಲ. ಪರದೆ ಎತ್ತಿ ಒಳಗೆ ಕಾಲಿಟ್ಟರೆ ಮಳೆಯೂ ಇಲ್ಲ. ಹುಳುಗಳೆಲ್ಲ ಚಂದ್ರಿಕೆ ಹತ್ತಿದ್ದವು. ಸುತ್ತು ಸುತ್ತಾದ ಬಿದಿರಿನ ಸಂದಿಗಳಲ್ಲಿ ತಮ್ಮ ಸುತ್ತ ತಾವೇ ನೂಲು ಎಳೆಯುತ್ತಾ, ಅರ್ಧ ಕಾಣುತ್ತಾ ಅರ್ಧ ಮರೆಯಾಗುತ್ತಾ. ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಉದ್ದದ ಒಂದೇ ಎಳೆ, ಸ್ವಲ್ಪವೂ ಸದ್ದಿಲ್ಲದೆ. ನನ್ನ ಸಹಪಾಠಿ ಮೊಬೈಲ್ ಹಿಡಿದುಕೊಂಡು ಸುಮ್ಮನೆ ನಿಂತಳು. “ಇನ್ನು ಮುಂದಿನ ಬೆಳೆಗೇ” ಎಂದರು ಸೊಸೆ. ಮುಂದಿನ ಬೆಳೆಯ ಹೊತ್ತಿಗೆ ನಮ್ಮ ಪರೀಕ್ಷೆಯೇ ಮುಗಿದಿರುತ್ತಿತ್ತು.

ಮಾತನ್ನಾದರೂ ಮತ್ತೆ ಹಿಡಿಯೋಣವೆಂದು ದೊಡ್ಡಮ್ಮನನ್ನು ಕೂರಿಸಿದೆವು. ನಾನು ತುಟಿ ಕಚ್ಚಿಕೊಂಡು ಕೂತೆ. ಅವರು ಹೇಳತೊಡಗಿದರು, ಎರಡು ವಾಕ್ಯಕ್ಕೆ ನಿಂತರು. ನನ್ನನ್ನೇ ನೋಡಿದರು. ನಾನು ತಲೆಯಾಡಿಸಿದೆ. ಇನ್ನೊಂದು ವಾಕ್ಯ ಹೇಳಿದರು, ಮತ್ತೆ ನಿಂತರು.

“ಕೇಳಿಸಿಕೊಳ್ಳುತ್ತಿದ್ದೀಯೇನಪ್ಪಾ?”

“ಕೇಳುತ್ತಿದ್ದೇನೆ ದೊಡ್ಡಮ್ಮ. ಹೂಂ ಎಂದರೆ ರೆಕಾರ್ಡು ಹಾಳಾಗುತ್ತದೆ, ಅದಕ್ಕೆ.”

“ಹೂಂ ಎನ್ನದವರಿಗೆ ನಾನು ಏನೆಂದು ಹೇಳಲಿ? ಗೋಡೆಗೆ ಹೇಳಿದ ಹಾಗಾಗುತ್ತದೆ.”

ಮೇಷ್ಟ್ರ ನಿಯಮವೂ ಸರಿ, ದೊಡ್ಡಮ್ಮನ ಮಾತೂ ಸರಿ. ನಮ್ಮಜ್ಜಿ ಕಥೆ ಹೇಳುವಾಗ ಹೂಂಗುಟ್ಟುವುದು ನಿಂತರೆ ಮಗು ಮಲಗಿತೆಂದು ದೀಪ ಆರಿಸುತ್ತಿದ್ದಳು. ಸಂದರ್ಶನದ ಪಾಠ ಬರೆದವರು ಯಾರೋ, ಅವರಿಗೆ ಇಂಥ ಅಜ್ಜಿ ಇರಲಿಲ್ಲವೆಂದು ಕಾಣುತ್ತದೆ.

ದಾರಿ ತೋರಿಸಿದ್ದು ಸೊಸೆ. ಅವರು ಬಾಗಿಲಾಚೆ, ಒಂದು ಹತ್ತು ಹೆಜ್ಜೆ ದೂರದಲ್ಲಿ ಕಡ್ಡಿ ಗುಡಿಸುತ್ತಿದ್ದರು. “ನೀವು ಹೇಳಿ ಅತ್ತೆ, ನಾನು ಹೂಂ ಎನ್ನುತ್ತೇನೆ” ಎಂದರು. ಅತ್ತೆ ಸ್ವಲ್ಪ ತಿರುಗಿ ಕೂತು, ನಮ್ಮನ್ನು ಬಿಟ್ಟು, ಸೊಸೆಗೆ ಹೇಳತೊಡಗಿದರು. ಸೊಸೆಗೆ ಗೊತ್ತೇ ಇದ್ದ ಕಥೆ. ಹಾಗಾಗಿಯೋ ಏನೋ, ಹೂಂ ಬೀಳಬೇಕಾದಲ್ಲೇ ಬೀಳುತ್ತಿತ್ತು, ಪೊರಕೆಯ ಸದ್ದಿನೊಡನೆ. ದೊಡ್ಡಪ್ಪನ ಮೂರು ದಿನದ ಮೌನ ಬಂದಾಗ ಪೊರಕೆ ನಿಂತಿತು. ಹೂಂ ಬರಲಿಲ್ಲ.

ಮಳೆಯ ಸದ್ದಿಗೆ ಮಾತ್ರ ಉಪಾಯವಿರಲಿಲ್ಲ. ಹಳೆಯ ಕಡತಗಳನ್ನೆಲ್ಲ ಲ್ಯಾಬಿನಲ್ಲಿ ಕೂತು ಜಾಲಾಡಿದೆವು. ಆ ಸದ್ದು ಇದ್ದಲ್ಲೆಲ್ಲ ನಾನೂ ಇದ್ದೆ: ನನ್ನ ಉಸಿರು, ನನ್ನ ಹೆಜ್ಜೆ, ದೊಡ್ಡಪ್ಪನ ಅಂಗಿಯ ಸರಸರ. ಕೊನೆಗೆ ಹೆಸರೇ ಇಲ್ಲದ ಒಂದು ಕಡತ ತೆರೆದರೆ ಸೋನೆ ಸುರಿಯಿತು. ನಲವತ್ತು ಸೆಕೆಂಡು, ತೊಳೆದಿಟ್ಟ ಹಾಗೆ. ಇದು ಯಾವಾಗಿನದೆಂದು ಇಬ್ಬರಿಗೂ ತಿಳಿಯಲಿಲ್ಲ. ಸದ್ದು ಹೆಚ್ಚಿಸಿದಾಗ ಹಿಂದೆ, ದೂರದಲ್ಲಿ, ಯಾರೋ ಚೆಂಬಿನಿಂದ ನೀರು ಸುರಿದುಕೊಂಡು ಉಜ್ಜಿಕೊಳ್ಳುತ್ತಿರುವುದು ಕೇಳಿಸಿತು. ಅದು ನಾನು. ನನ್ನನ್ನು ತೊಟ್ಟಿಗೆ ಅಟ್ಟಿದ್ದಾಗ ಅವಳು ತನ್ನ ಮೊಬೈಲನ್ನು ಪರೀಕ್ಷೆಗೆಂದು ಅಟ್ಟಣೆಯ ಅಂಚಿನಲ್ಲಿ ಇಟ್ಟಿದ್ದಳಂತೆ. ಇಡೀ ವರದಿಯಲ್ಲಿ ಎಲ್ಲರೂ ಹೊಗಳಿದ ಸದ್ದು ಅದೊಂದೇ. ಚೆಂಬಿನ ಸದ್ದನ್ನು ತಗ್ಗಿಸಿದೆವು. ಪೂರ್ತಿ ಅಳಿಸಲು ಅವಳು ಬಿಡಲಿಲ್ಲ.

ಉಳಿದ ರಾತ್ರಿಯನ್ನು ಅಕ್ಷರಗಳು ತಿಂದವು. ಸದ್ದಿಲ್ಲದೆ ನೋಡುವವರಿಗೂ ತಿಳಿಯಲೆಂದು ಮಾತನ್ನು ಕೆಳಗೆ ಬರೆಯಬೇಕಿತ್ತು. ಲ್ಯಾಬಿನ ಹಳೆಯ ತಂತ್ರಾಂಶಕ್ಕೆ ಕನ್ನಡದ ಒತ್ತಕ್ಷರ ಎಂದರೆ ಅಲರ್ಜಿ. ‘ರೇಷ್ಮೆ’ ಎಂದು ಹಾಕಿದರೆ ಷ ಒಂದು ಕಡೆ, ಮ ಒಂದು ಕಡೆ, ನಡುವೆ ಅನಾಥವಾದ ಒಂದು ಕೊಕ್ಕೆ. ‘ದೊಡ್ಡಮ್ಮ’ ಅಂತೂ ಅಪಘಾತಕ್ಕೆ ಸಿಕ್ಕಿದವರ ಹಾಗೆ ಬಿದ್ದಿದ್ದರು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಹೊಡೆದರೆ ಅಲ್ಲಿ ಸರಿ ಕಾಣುತ್ತಿತ್ತು, ಮೊಬೈಲಿಗೆ ಕಳಿಸಿದ ಬರಹ ಮಾತ್ರ ವಿಚಿತ್ರ ಚಿಹ್ನೆಗಳ ಸಂತೆ. ಕೊನೆಗೆ ಯೂನಿಕೋಡಿನಲ್ಲಿ ಬರೆದು, ಒಂದೊಂದು ಸಾಲನ್ನೂ ಚಿತ್ರವಾಗಿ ಉಳಿಸಿ, ಅರವತ್ತೆರಡು ಚಿತ್ರಗಳನ್ನು ಒಂದೊಂದಾಗಿ ಜೋಡಿಸಿದೆವು. ಕನ್ನಡ ಪತ್ರಿಕೋದ್ಯಮ ಕಲ್ಲಚ್ಚಿನಿಂದ ಶುರುವಾಯಿತೆಂದು ಪರೀಕ್ಷೆಯಲ್ಲಿ ಬರೆದಿದ್ದೆ. ಆ ರಾತ್ರಿ ಎರಡು ಗಂಟೆಯಲ್ಲಿ ಅದು ಅಲ್ಲಿಂದ ಬಹಳ ದೂರವೇನೂ ಬಂದಿಲ್ಲ ಎನ್ನಿಸಿತು.

ತರಗತಿಯಲ್ಲಿ ತೋರಿಸಿದೆವು. ಮೇಷ್ಟ್ರು ಒಂದು ಕಡೆ ನಿಲ್ಲಿಸಿ, “ಇದು ಯಾರ ಹೂಂ?” ಎಂದರು. ಸೊಸೆಯದು ಎಂದೆವು. ಮತ್ತೊಮ್ಮೆ ಕೇಳಿ, ಇರಲಿ ಎಂದರು. ಒಳ್ಳೆಯ ಅಂಕವೇ ಬಂತು.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸಿದ ಮೇಲೆ ದೊಡ್ಡಮ್ಮ ಫೋನ್ ಮಾಡಿದರು. ಮನೆಯವರೆಲ್ಲ ನೋಡಿದರಂತೆ, ಪಕ್ಕದ ಮನೆಯವರಿಗೂ ತೋರಿಸಿದರಂತೆ.

“ಎಲ್ಲ ಚೆನ್ನಾಗಿದೆ ಕಣಪ್ಪಾ. ಗೂಡು ಎಷ್ಟಕ್ಕೆ ಹೋಯಿತು ಎಂದು ಎಲ್ಲೂ ಹಾಕಿಲ್ಲವಲ್ಲ?”

ನಾನು ಉತ್ತರ ಹುಡುಕಿದೆ. ಮಳೆ, ಮೌನ, ಪೊರಕೆ, ಚೆಂಬು, ಎಲ್ಲ ಹಿಡಿದಿದ್ದೆವು. ರಾಮನಗರದ ಮಾರುಕಟ್ಟೆಗೆ ಗೂಡು ಹೊರಟ ದಿನ ನಾವು ಲ್ಯಾಬಿನಲ್ಲಿ ಒತ್ತಕ್ಷರ ಜೋಡಿಸುತ್ತಿದ್ದೆವು.

“ಎಷ್ಟಕ್ಕೆ ಹೋಯಿತು ದೊಡ್ಡಮ್ಮ?”

ಅವರು ಮೊದಲಿನಿಂದ ಶುರುಮಾಡಿದರು: ಎಷ್ಟು ಗಂಟೆಗೆ ಹೊರಟರು, ಗಾಡಿ ಯಾರದು, ಎಷ್ಟು ಕೆ.ಜಿ. ತೂಗಿತು, ಹಿಂದಿನ ದಿನದ ರೇಟು ಏನಿತ್ತು. ನಾನು ಪುಸ್ತಕ ತೆರೆದು ಪೆನ್ನು ಹಿಡಿದು, ಹೂಂ, ಹೂಂ ಎನ್ನುತ್ತಾ ಬರೆದುಕೊಳ್ಳತೊಡಗಿದೆ.