ನಾರ್ತ್ ಕೇಪ್‌ಗಿಂತಲೂ ಉತ್ತರಕ್ಕೆ: ಕ್ನಿವ್‌ಶೆಲ್ಲೊಡ್ಡೆನ್ ನಡಿಗೆ

ಯುರೋಪಿನ ಉತ್ತರದ ತುದಿ ಅಂತ ಹೆಸರಾದ ನಾರ್ವೆಯ ನಾರ್ತ್ ಕೇಪ್‌ಗೆ ಜನ ಬಸ್ಸುಗಟ್ಟಲೆ ಬರುತ್ತಾರೆ. 307 ಮೀಟರ್ ಎತ್ತರದ ಬಂಡೆಯ ಮೇಲೆ ಇಟ್ಟಿರುವ ಲೋಹದ ಭೂಗೋಳದ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಅಲ್ಲೇ ನಿಂತು ಪಶ್ಚಿಮಕ್ಕೆ ಕಣ್ಣು ಹಾಯಿಸಿ. ಸಮುದ್ರದೊಳಕ್ಕೆ ನಾಲಿಗೆ ಚಾಚಿದ ಹಾಗೆ ತಗ್ಗಾದ ಕಲ್ಲಿನ ಚೂಪೊಂದು ಕಾಣುತ್ತದೆ. ಅದೇ ಕ್ನಿವ್‌ಶೆಲ್ಲೊಡ್ಡೆನ್. ನಾರ್ತ್ ಕೇಪ್‌ಗಿಂತ ಸುಮಾರು ಒಂದೂವರೆ ಕಿಲೋಮೀಟರ್ ಹೆಚ್ಚು ಉತ್ತರಕ್ಕಿದೆ. ಆದರೆ ರಸ್ತೆ ಇಲ್ಲ, ನಡೆದೇ ಹೋಗಬೇಕು. (ಎರಡೂ ಮಾಗೆರೊಯ ದ್ವೀಪದಲ್ಲಿವೆ. ಹಾಗಾಗಿ ಯುರೋಪ್ ಮುಖ್ಯ ಭೂಭಾಗದ ಉತ್ತರದ ತುದಿ ಇವೆರಡೂ ಅಲ್ಲ, ಪೂರ್ವಕ್ಕಿರುವ ಕಿನ್ನರೊಡ್ಡೆನ್. ಈ ಜಗಳ ಮುಗಿಯೋದಲ್ಲ ಬಿಡಿ.)

ದ್ವೀಪಕ್ಕೆ ಸಮುದ್ರದ ಕೆಳಗೆ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗವಿದೆ. 1999ರಲ್ಲಿ ತೆರೆದದ್ದು, ಈಗ ಟೋಲ್ ಇಲ್ಲ. ಹೊನ್ನಿಂಗ್ಸ್‌ವೋಗ್ ಊರಲ್ಲಿ ಉಳಿದುಕೊಳ್ಳಿ. ತಿಂಡಿ, ನೀರು ಅಲ್ಲೇ ಕೊಂಡುಕೊಳ್ಳಿ. ಆಮೇಲೆ ಅಂಗಡಿ ಸಿಗುತ್ತೆ ಅನ್ನೋ ಆಸೆ ಬೇಡ. ನಾರ್ತ್ ಕೇಪ್‌ಗೆ ಆರೇಳು ಕಿಲೋಮೀಟರ್ ಇರುವಾಗ ಇ69 ರಸ್ತೆಯ ಪಕ್ಕ ಪಾರ್ಕಿಂಗ್ ಜಾಗ ಸಿಗುತ್ತದೆ. ಕಾಲುದಾರಿ ಶುರುವಾಗೋದು ಅಲ್ಲಿಂದ.

ಹೋಗಲು 9, ಬರಲು 9 ಕಿಲೋಮೀಟರ್. ಏಳೆಂಟು ಗಂಟೆ ಇಟ್ಟುಕೊಳ್ಳಿ. ಒಂದು ಮರ ಇಲ್ಲ, ಪೊದೆ ಇಲ್ಲ. ಬರೀ ಕಲ್ಲು, ಪಾಚಿ, ಕೆಸರು, ಅಲ್ಲಲ್ಲಿ ಹಿಮಸಾರಂಗ. ಇವು ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಸಾಕುಪ್ರಾಣಿಗಳು, ಹತ್ತಿರ ಹೋಗಿ ಬೆದರಿಸಬೇಡಿ. ದಾರಿ ತೋರಿಸಲು ಕಲ್ಲುಗುಡ್ಡೆ ಪೇರಿಸಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರ ಬರೆದಿದ್ದಾರೆ. ನಾವು ಹೊರಟಾಗ ಬಿಸಿಲಿತ್ತು. ಒಂದು ಗಂಟೆಯೊಳಗೆ ಮಂಜು ಮುಸುಕಿ ಮುಂದಿನ ಗುಡ್ಡೆಯೇ ಕಾಣದಾಯಿತು. ಆಗ ಒಬ್ಬರು ಗುಡ್ಡೆಯ ಹತ್ತಿರವೇ ನಿಂತು, ಇನ್ನೊಬ್ಬರು ಮುಂದಿನದನ್ನು ಹುಡುಕಿ ಕೂಗಬೇಕು. ನಿಧಾನ, ಆದರೆ ದಾರಿ ತಪ್ಪಲ್ಲ. ಫೋನಿನಲ್ಲಿ ಮ್ಯಾಪ್ ಮೊದಲೇ ಇಳಿಸಿಕೊಂಡಿರಿ.

ಕೊನೆಯ ಭಾಗದಲ್ಲಿ ಕೊಲ್ಲಿಯ ಅಂಚಿಗೇ ಓರೆಯಾಗಿ ಇಳಿದ ಬಂಡೆಹಾಸುಗಳ ಮೇಲೆ ನಡೆಯಬೇಕು. ಒಣಗಿದ್ದರೆ ಆರಾಮ. ಒದ್ದೆಯಾದರೆ ಸೋಪು ಸವರಿದ ಹಾಗೆ. ಬೆಂಗಳೂರಲ್ಲಿ ದಿನಾ ಓಡೋ ಶೂ ಸಾಕು ಅಂದುಕೊಂಡಿದ್ದ ನಾನು ಅಲ್ಲಿ ಜಾರಿ ಮೊಣಕಾಲು ತರಚಿಕೊಂಡೆ. ಆಮೇಲೆ ಒಂದಷ್ಟು ದೂರ ಕೂತೇ ತೆವಳಿದೆ, ಮರ್ಯಾದೆ ನೋಡಲಿಲ್ಲ. ಹಿಡಿತವಿರುವ, ನೀರು ತಡೆಯುವ ಬೂಟೇ ಬೇಕು.

ತುದಿಯಲ್ಲಿ ಚಿಕ್ಕ ಗುರುತುಕಂಬ, ಹೆಸರು ಬರೆಯಲು ಪೆಟ್ಟಿಗೆಯಲ್ಲಿ ಪುಸ್ತಕ. ಅಷ್ಟೇ. ನಾನು ಕನ್ನಡದಲ್ಲೇ ಬರೆದೆ. ಚಪಾತಿ, ಚಟ್ನಿಪುಡಿ ಬಿಚ್ಚುವ ಹೊತ್ತಿಗೆ ಮಂಜು ಸರಿದು, ಎದುರಿಗೆ ನಾರ್ತ್ ಕೇಪ್ ಬಂಡೆ ಬುಡದಿಂದ ತಲೆವರೆಗೂ ಕಾಣಿಸಿತು. ಆ ಬಂಡೆಯ ಮೇಲೆ ನಿಂತವರಿಗೆ ಅದರ ಮುಖ ಕಾಣೋದೇ ಇಲ್ಲ, ಅಲ್ವಾ?

ಹೋಗುವಾಗ ಹೆಚ್ಚಾಗಿ ಇಳಿಜಾರು, ಅದೇ ಮೋಸ. ವಾಪಸ್ ಬರುವಾಗ ಸಮುದ್ರಮಟ್ಟದಿಂದ 200 ಮೀಟರಿಗೂ ಜಾಸ್ತಿ ಹತ್ತಬೇಕು, ಅದೂ ಸುಸ್ತಾದ ಕಾಲಲ್ಲಿ. ಅರ್ಧಕ್ಕಿಂತ ಹೆಚ್ಚು ನೀರು, ತಿಂಡಿ ವಾಪಸಾತಿಗೆ ಉಳಿಸಿ. ಮೇ ಮಧ್ಯದಿಂದ ಜುಲೈ ಕೊನೆವರೆಗೆ ಸೂರ್ಯ ಮುಳುಗಲ್ಲ, ಹಾಗಾಗಿ ಕತ್ತಲಾಗುವ ಭಯವಿಲ್ಲ. ಆದರೆ ಜುಲೈನಲ್ಲೂ ಗಾಳಿ ಕೊರೆಯುತ್ತದೆ, ಟೋಪಿ, ಕೈಗವಸು ಬಿಡಬೇಡಿ. ನಾವು ಕಾರು ಮುಟ್ಟಿದಾಗ ರಾತ್ರಿ ಹನ್ನೊಂದೂವರೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಶೂ ಬಿಚ್ಚಿದರೆ ಒಳಗೆ ನೀರು. ಕಾರಿನಲ್ಲಿ ಒಣ ಕಾಲುಚೀಲ ಒಂದು ಜೊತೆ ಇಟ್ಟಿರಿ, ನಾನು ಇಟ್ಟಿರಲಿಲ್ಲ.