ಹಲಗೆ ಎಲ್ಲೆಲ್ಲಿ ಇಡ್ತಿದ್ರಿ?

ಚಿಕ್ಕಬಳ್ಳಾಪುರದಲ್ಲಿ ಹೈವೇ ಪಕ್ಕದ ಒಂದು ಗ್ಯಾರೇಜಿನಲ್ಲಿ ಹನ್ನೆರಡು ವರ್ಷದಿಂದ ಸಸ್ಪೆನ್ಷನ್ ಕೆಲಸ ಮಾಡುತ್ತಿದ್ದೇನೆ. ಮೊದಲೆಲ್ಲ ನನ್ನ ಕೈಗೆ ಬರುತ್ತಿದ್ದದ್ದು ಟೊಮೆಟೊ, ಹೂವು, ದ್ರಾಕ್ಷಿ ಹೊತ್ತು ಸ್ಪ್ರಿಂಗ್ ಪ್ಲೇಟು ಮುರಿದುಕೊಂಡ ಪಿಕಪ್‌ಗಳು. ಈಚೆಗೆ ಬೇರೆ ತರಹದ ಗಾಡಿಗಳೂ ಬರುತ್ತವೆ. ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿಬೆಟ್ಟದ ಕಡೆ ಬರುವ ಸ್ಪೋರ್ಟ್ಸ್ ಕಾರುಗಳನ್ನು ನೀವೂ ನೋಡಿರುತ್ತೀರಿ. ಎನ್‌ಎಚ್ 44ರಲ್ಲಿ ಇರುವಷ್ಟು ಹೊತ್ತು ಅವಕ್ಕೆ ಏನೂ ತೊಂದರೆ ಇಲ್ಲ. ಹೈವೇ ಬಿಟ್ಟು ಹಳ್ಳಿ ದಾರಿಗೆ ತಿರುಗಿದರೆ ಶುರುವಾಗುತ್ತದೆ. ಮೊದಲ ಹಂಪಿಗೇ ಮುಂದಿನ ಬಂಪರಿನ ಕೆಳತುಟಿ, ಅಂದರೆ ಲಿಪ್, ಕರ್ ಅಂತ ಉಜ್ಜುತ್ತದೆ. ಆ ಸದ್ದು ಕೇಳಿದರೆ ಓನರಿಗೆ ಮಾತ್ರ ಅಲ್ಲ, ನನಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇದಕ್ಕೆ ಪರಿಹಾರವಾಗಿ ಮುಂಭಾಗ ಎತ್ತುವ ಲಿಫ್ಟ್ ಕಿಟ್‌ಗಳು ಸಿಗುತ್ತವೆ. ಅಂಥ ಒಂದು ಕಿಟ್ ಹಾಕುವಾಗ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ನಟ್ಟು ಬೋಲ್ಟಿನಲ್ಲಿ ಏನೂ ತಪ್ಪಿರಲಿಲ್ಲ. ಕೇಳಬೇಕಾದ ಒಂದು ಮಾತು ಕೇಳಿರಲಿಲ್ಲ.

ಗಾಡಿ ಹಳೇ ಪೋರ್ಷೆ ಕೇಮನ್. ಓನರ್ ಬೆಂಗಳೂರಿನವರು, ನಂದಿ ಕಡೆ ದ್ರಾಕ್ಷಿ ತೋಟ ಇದೆ. ವಾರಕ್ಕೊಮ್ಮೆ ಈ ಗಾಡಿಯಲ್ಲೇ ತೋಟಕ್ಕೆ ಬರಬೇಕು ಅನ್ನೋದು ಅವರ ಆಸೆ. ಮೊದಲಿನ ಓನರ್ ಕೋಯ್ಲ್‌ಓವರ್, ಅಂದರೆ ಎತ್ತರ ಬದಲಿಸಬಹುದಾದ ಸ್ಪ್ರಿಂಗ್, ಶಾಕ್ ಸೆಟ್, ಹಾಕಿಸಿ ಗಾಡಿಯನ್ನು ಇನ್ನೂ ಕೆಳಗೆ ಇಳಿಸಿದ್ದರು. ಲಿಪ್ ನೆಲದಿಂದ 11 ಸೆಂ.ಮೀ. ಎತ್ತರ, ಹೊಟ್ಟೆಯೂ ಹೆಚ್ಚುಕಡಿಮೆ ಅಷ್ಟೇ. ಅವರು ಬಂದಾಗ ನಾನು ಮಂಡಿಯೂರಿ ಲಿಪ್ ನೋಡಿದೆ. ಪೂರ್ತಿ ಗೀರು. ಗಾಡಿಯನ್ನು ಮೇಲೆತ್ತಿ ಅಡಿ ನೋಡಿದೆ. ಅಡಿ ಕ್ಲೀನ್ ಆಗಿತ್ತು. ಸರಿ, ತಗಲುತ್ತಿರುವುದು ಮೂತಿ ಮಾತ್ರ ಅಂದುಕೊಂಡೆ.

"ಸರ್, ಮುಂದೆ ಲಿಫ್ಟ್ ಹಾಕಿದರೆ ಸಾಕು. ಆಮೇಲೆ ತೊಂದರೆ ಇರಲ್ಲ" ಅಂದೆ. ಆ ಮಾತು ಈಗಲೂ ಕಿವಿಯಲ್ಲಿದೆ.

ಕಿಟ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಮುಂದಿನ ಎರಡೂ ಸ್ಟ್ರಟ್‌ಗಳಲ್ಲಿ, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗೆ ಇರುವ ಕಂಬಗಳಲ್ಲಿ, ಸ್ಪ್ರಿಂಗಿಗೂ ಅದನ್ನು ಮೇಲೆ ಗಾಡಿಗೆ ಹಿಡಿದಿಡುವ ಟಾಪ್ ಮೌಂಟಿಗೂ ಮಧ್ಯೆ ಬಟ್ಟಲಿನಂಥ ಒಂದು ಸಿಲಿಂಡರ್ ಕೂರುತ್ತದೆ. ಅದರೊಳಗೆ ಎಣ್ಣೆ ಅಥವಾ ಗಾಳಿ ತುಂಬಿದರೆ ಅದು ಉದ್ದ ಆಗುತ್ತದೆ, ಗಾಡಿಯ ಮೂತಿ ಮೇಲೇಳುತ್ತದೆ. ಬಿಟ್ಟರೆ ಇಳಿಯುತ್ತದೆ. ಸ್ಪ್ರಿಂಗ್ ಅದೇ, ಶಾಕ್ ಅದೇ. ಈಗಿನ 911ಕ್ಕೆ ಇಂಥದ್ದನ್ನು ಪೋರ್ಷೆ ಕಂಪನಿಯೇ ಆಯ್ಕೆಯಾಗಿ ಕೊಡುತ್ತದೆ. ಮುಂಭಾಗ ಸುಮಾರು 40 ಮಿ.ಮೀ. ಏಳುತ್ತದೆ. ಒಮ್ಮೆ ಎತ್ತಿದ ಜಾಗವನ್ನು ಜಿಪಿಎಸ್‌ನಲ್ಲಿ ನೆನಪಿಟ್ಟುಕೊಂಡು ಮುಂದಿನ ಸಲ ತಾನಾಗಿಯೇ ಎತ್ತುವ ವ್ಯವಸ್ಥೆಯೂ ಬಂದಿದೆ. ಹಳೇ ಗಾಡಿಗಳಿಗೆ ಹೊರಗಿನ ಕಿಟ್ಟೇ ಗತಿ.

ಗಾಳಿಯ ಕಿಟ್‌ಗೆ ಕಂಪ್ರೆಸರ್, ಸಣ್ಣ ಟ್ಯಾಂಕು, ವಾಲ್ವ್ ಬೇಕು. ಎಣ್ಣೆಯದಕ್ಕೆ ಮೋಟರ್ ಇರುವ ಒಂದು ಪಂಪು, ಎಣ್ಣೆ ಡಬ್ಬಿ, ಗಟ್ಟಿ ಹೋಸು ಸಾಕು. ನನಗೆ ಎಣ್ಣೆಯದೇ ಇಷ್ಟ. ಗಾಳಿಯ ಜೊತೆ ತೇವ ಒಳಗೆ ಹೋಗಿ ವಾಲ್ವ್ ಕೆಡುತ್ತದೆ, ಸಣ್ಣ ಲೀಕು ಹುಡುಕುವುದಕ್ಕೆ ಸೋಪಿನ ನೀರು ಹಿಡಿದು ಅರ್ಧ ದಿನ ಕೂರಬೇಕು. ಎಣ್ಣೆ ಲೀಕಾದರೆ ಕಣ್ಣಿಗೇ ಕಾಣುತ್ತದೆ. ಓನರ್ ತಂದದ್ದೂ ಎಣ್ಣೆಯ ಕಿಟ್ಟೇ.

ಹಾಕುವಾಗ ಮೂರು ವಿಷಯಕ್ಕೆ ತುಂಬಾ ಹೊತ್ತು ಕೊಟ್ಟೆ. ಮೊದಲನೆಯದು, ಆ ಬಟ್ಟಲು ಇಳಿದಿದ್ದಾಗಲೂ ಎರಡು ಮೂರು ಸೆಂ.ಮೀ. ದಪ್ಪ ಇರುತ್ತದೆ. ಸುಮ್ನೆ ತೂರಿಸಿದರೆ ಸ್ವಿಚ್ ಒತ್ತದೆ ಇದ್ದರೂ ಗಾಡಿ ಅಷ್ಟು ಮೇಲೇ ನಿಲ್ಲುತ್ತದೆ. ಅದಕ್ಕೆ ಸ್ಪ್ರಿಂಗಿನ ಕೆಳಗಿನ ಸೀಟನ್ನು ಅಷ್ಟೇ ಕೆಳಗೆ ತಿರುಗಿಸಬೇಕು. ಎರಡನೆಯದು ಹೋಸು. ಈ ಗಾಡಿಯಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಟೇರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಜೊತೆ ಬಟ್ಟಲೂ ತಿರುಗುತ್ತದೆ, ಅದಕ್ಕೆ ಕಚ್ಚಿಕೊಂಡ ಹೋಸೂ ತಿರುಗುತ್ತದೆ. ಬಿಗಿಯಾಗಿ ಕಟ್ಟಿದರೆ ಒಂದಲ್ಲ ಒಂದು ದಿನ ಕಿತ್ತು ಬರುತ್ತದೆ, ಸಡಿಲ ಬಿಟ್ಟರೆ ಟಯರಿಗೆ ಉಜ್ಜುತ್ತದೆ. ಗಾಡಿ ಎತ್ತಿ ಒಮ್ಮೆ, ಇಳಿಸಿ ಒಮ್ಮೆ, ಎರಡೂ ಕಡೆ ಪೂರ್ತಿ ಸ್ಟೇರಿಂಗ್ ತಿರುಗಿಸಿ ಟಾರ್ಚ್ ಹಿಡಿದು ನೋಡಿದೆ. ಜೊತೆಗಿದ್ದ ಹುಡುಗನಿಂದಲೂ ಇನ್ನೊಮ್ಮೆ ನೋಡಿಸಿದೆ. ಮೂರನೆಯದು, ಮೂತಿ ಎತ್ತಿದಾಗ ಶಾಕು ಹೆಚ್ಚುಕಡಿಮೆ ಪೂರ್ತಿ ಉದ್ದಕ್ಕೆ ಬಂದಿರುತ್ತದೆ. ಚಕ್ರ ಕೆಳಗೆ ಇಳಿಯಲು ಜಾಗವೇ ಉಳಿದಿರುವುದಿಲ್ಲ. ಸ್ಪೀಡಾಗಿ ಹೋದರೆ ಪ್ರತಿ ಗುಂಡಿಗೂ ಟಕ್ ಟಕ್ ಅನ್ನುತ್ತದೆ, ಶಾಕು ಹಾಳಾಗುತ್ತದೆ. "ಎತ್ತಿದ್ದಾಗ 20ರ ಮೇಲೆ ಹೋಗಬೇಡಿ ಸರ್, ದಾಟಿದ ತಕ್ಷಣ ಇಳಿಸಿ" ಅಂತ ಎರಡು ಸಲ ಹೇಳಿದೆ. ವೀಲ್ ಅಲೈನ್‌ಮೆಂಟನ್ನು ಇಳಿಸಿದ ಸ್ಥಿತಿಯಲ್ಲೇ ಮಾಡಿದೆವು.

ಸಾಯಂಕಾಲ ಸ್ವಿಚ್ ಒತ್ತಿದಾಗ ಮೂತಿ ನಾಲ್ಕೈದು ಸೆಕೆಂಡಿನಲ್ಲಿ ಮೇಲೆದ್ದಿತು. ಚಕ್ರದ ಹತ್ತಿರ ಸರಿಯಾಗಿ 4 ಸೆಂ.ಮೀ. ಎಲ್ಲರಿಗೂ ಖುಷಿ.

ಅವತ್ತೇ ರಾತ್ರಿ ಎಂಟಕ್ಕೆ ಫೋನ್ ಬಂತು. ತೋಟದ ಗೇಟಿನ ಮುಂದಿನ ಹಂಪಿನಲ್ಲಿ ಮೂತಿ ಆರಾಮಾಗಿ ದಾಟಿದೆ. ಆಮೇಲೆ ನಡು ಕೂತಿದೆ. ಈ ಗಾಡಿಯ ಎಂಜಿನ್ ಇರುವುದು ಸೀಟಿನ ಹಿಂದೆ, ಅದರ ಕೆಳಗಿನ ಕವರ್ ಒಡೆದಿದೆ. ಅವರು ಬೈಯಲಿಲ್ಲ. "ನೀವು ತೊಂದರೆ ಇರಲ್ಲ ಅಂದಿದ್ರಿ ಅಲ್ವಾ?" ಅಂತ ಮಾತ್ರ ಕೇಳಿದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಇಂಚ್ ಟೇಪು, ದಾರ, ಎರಡು ಗೂಟ ತಗೊಂಡು ತೋಟಕ್ಕೆ ಹೋದೆ. ಮೊದಲ ದಿನವೇ ಹೋಗಬೇಕಿತ್ತು. ಗ್ಯಾರೇಜಿನಿಂದ ಅರ್ಧ ಗಂಟೆ ದಾರಿ ಅಷ್ಟೇ.

ಹಂಪು ನೋಡಿದೆ. ಜಲ್ಲಿ, ಡಾಂಬರು ಸುರಿದು ಗುಡ್ಡೆ ಮಾಡಿದಂತೆ ಇತ್ತು. ದಾರ ಕಟ್ಟಿ ಅಳೆದರೆ ಎತ್ತರ 14 ಸೆಂ.ಮೀ., ಅಗಲ ಬರೀ 70 ಸೆಂ.ಮೀ. ಗೇಟಿನ ಹತ್ತಿರ ಕಾವಲಿನ ತಾತ ಕೂತಿದ್ದರು. "ತಾತ, ಈ ಗಾಡಿ ಮೊದಲು ಹೆಂಗೆ ಒಳಗೆ ಬರ್ತಿತ್ತು?" ಅಂದೆ.

"ಹಲಗೆ ಇಡ್ತಿದ್ದೆ ಕಣಪ್ಪ" ಅಂದರು. ಮನೆ ಕಟ್ಟುವಾಗ ಉಳಿದ ಸೆಂಟ್ರಿಂಗ್ ಹಲಗೆ, ಎರಡು ಇಂಚು ದಪ್ಪ.

"ಎಲ್ಲೆಲ್ಲಿ ಇಡ್ತಿದ್ರಿ?"

"ಹಂಪಿನ ಈಚೆಗೆ ಎರಡು, ಆಚೆಗೆ ಎರಡು. ಆಚೆಗೆ ಇಡದಿದ್ರೆ ಹೊಟ್ಟೆ ಹೊಡೀತದೆ."

ನನಗೆ ಅಲ್ಲೇ ಎಲ್ಲ ಅರ್ಥವಾಯಿತು. ಗಾಡಿಯ ಅಡಿ ಕ್ಲೀನ್ ಇದ್ದದ್ದು ಅಡಿಗೆ ಜಾಗ ಇದ್ದದ್ದರಿಂದ ಅಲ್ಲ, ತಾತ ಆಚೆ ಕಡೆಯೂ ಹಲಗೆ ಇಡುತ್ತಿದ್ದದ್ದರಿಂದ. ಮುಂದಿನ ಚಕ್ರ ಆಚೆ ಹಲಗೆಗೆ ಇಳಿಯುತ್ತಿತ್ತು, ಹಿಂದಿನದು ಈಚೆ ಹಲಗೆಯ ಮೇಲೇ ಇರುತ್ತಿತ್ತು. ಇಡೀ ಗಾಡಿ ಎರಡು ಇಂಚು ಮೇಲೆ. ಲಿಪ್ಪಿನ ಗೀರುಗಳೆಲ್ಲ ಬೇರೆ ಕಡೆ, ಹಲಗೆ ಇಲ್ಲದ ಜಾಗದಲ್ಲಿ ಆದವು. ಲಿಫ್ಟ್ ಬಂತು ಅಂತ ಓನರ್ ಅವತ್ತು ಹಲಗೆ ಬೇಡ ಅಂದಿದ್ದರು. ಅವರಿಗೆ ಹಾಗೆ ಧೈರ್ಯ ಕೊಟ್ಟವನು ನಾನೇ.

ಅಲ್ಲೇ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಗಾಡಿಯ ಮುಂಭಾಗ ಎತ್ತುವುದು ಮಂಚದ ತಲೆ ಕಡೆ ಎತ್ತಿದ ಹಾಗೆ. ತಲೆ ಕಡೆ ಒಂದಡಿ ಎದ್ದರೆ ನಡುವಿನಲ್ಲಿ ಅರ್ಧ ಅಡಿ, ಕಾಲಿನ ಕಡೆ ಏನೂ ಇಲ್ಲ. ಈ ಗಾಡಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2475 ಮಿ.ಮೀ. ದೂರ. ಲಿಪ್ ಮುಂದಿನ ಚಕ್ರಕ್ಕಿಂತ ಇನ್ನೂ 85 ಸೆಂ.ಮೀ. ಮುಂದಿದೆ. ಹಾಗಾಗಿ ಚಕ್ರದ ಹತ್ತಿರ 4 ಸೆಂ.ಮೀ. ಎತ್ತಿದರೆ ಲಿಪ್ಪಿಗೆ ಅದಕ್ಕಿಂತ ಜಾಸ್ತಿ, ಸುಮಾರು 5.4 ಸೆಂ.ಮೀ. ಸಿಗುತ್ತದೆ. 11ಕ್ಕೆ ಅದು ಸೇರಿದರೆ 16.4. ಹಂಪು 14. ಮೂತಿ ದಾಟಿತು. ಆದರೆ ಗಾಡಿಯ ಮಧ್ಯಕ್ಕೆ ಸಿಗುವುದು ಬರೀ 2 ಸೆಂ.ಮೀ., ಅಂದರೆ 13. ಎಂಜಿನ್ ಕೆಳಗೆ ಒಂದೇ ಸೆಂ.ಮೀ., ಅಂದರೆ 12. ತಗಲಲೇಬೇಕು. ಐದು ನಿಮಿಷದ ಲೆಕ್ಕ ಇದು. ಮೊದಲೇ ಮಾಡಿದ್ದರೆ ಕವರ್ ಉಳಿಯುತ್ತಿತ್ತು.

ಓನರ್ ಬಂದ ಮೇಲೆ ಟೇಪು ಹಿಡಿದು ಎಲ್ಲವನ್ನೂ ತೋರಿಸಿದೆ. ತಪ್ಪು ನನ್ನದು ಅಂತ ನೇರವಾಗಿ ಹೇಳಿದೆ. ಹೊಸ ಕವರಿನ ದುಡ್ಡು ಗ್ಯಾರೇಜಿನಿಂದಲೇ ಹೋಯಿತು, ನಮ್ಮ ಯಜಮಾನರು ಎರಡನೇ ಮಾತಾಡಲಿಲ್ಲ. ಹಾಗಾದರೆ ಹಿಂದೆಯೂ ಲಿಫ್ಟ್ ಹಾಕೋಣವಾ ಅಂತ ಓನರ್ ಕೇಳಿದರು. ನಾಲ್ಕೂ ಕಡೆ ಎತ್ತುವ ಕಿಟ್ ಇವೆ. ಆದರೆ ಆ ಹಂಪಿನ ಮುಂದೆ ನಿಂತಾಗ ನನಗೆ ಬೇರೆ ವಿಷಯ ಕಾಡಿತು. ಗಾಡಿಗೆ ಇನ್ನಷ್ಟು ದುಡ್ಡು ಸುರಿಯುವ ಮೊದಲು ಹಂಪನ್ನೇ ಯಾಕೆ ಸರಿ ಮಾಡಬಾರದು?

ನಮ್ಮ ದೇಶದಲ್ಲಿ ಹಂಪಿಗೂ ಅಳತೆ ಇದೆ. ರಸ್ತೆಯ ಅಳತೆಗಳನ್ನು ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆಯ ಐಆರ್‌ಸಿ 99 ಪುಸ್ತಕದಲ್ಲಿ ಬರೆದಿದ್ದಾರೆ. ಗಂಟೆಗೆ 25 ಕಿ.ಮೀ. ವೇಗಕ್ಕೆ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, ಬೆನ್ನಿನ ಬಾಗು 17 ಮೀಟರ್ ತ್ರಿಜ್ಯದ್ದು. ಎತ್ತರಕ್ಕಿಂತ ಅಗಲದಲ್ಲೇ ಗುಟ್ಟು ಇದೆ. ಅಷ್ಟು ಅಗಲ ಇದ್ದರೆ ಈ ಗಾಡಿಯ ನಾಲ್ಕೂ ಚಕ್ರ ಒಟ್ಟಿಗೆ ಹಂಪಿನ ಮೇಲೇ ನಿಲ್ಲುತ್ತವೆ. ಚಕ್ರದ ಜೊತೆ ಗಾಡಿಯೂ ಮೇಲೆ ಬಂದಿರುತ್ತದೆ. ಆಗ ಹೊಟ್ಟೆಯ ಕಡೆಗೆ ಹಂಪು ಉಬ್ಬಿ ಬರುವುದು ನಾಲ್ಕೂವರೆ ಸೆಂ.ಮೀ. ಮಾತ್ರ. ನಮ್ಮಲ್ಲಿ 11 ಇದೆ. ಲಿಪ್ಪಿನ ಲೆಕ್ಕವನ್ನೂ ಹಾಕಿದೆ. ಮುಂದಿನ ಚಕ್ರ ಹಂಪಿನ ಅಂಚಿಗೆ ಬಂದಾಗ ಲಿಪ್ಪಿನ ಕೆಳಗೆ ಹಂಪು 7 ಸೆಂ.ಮೀ. ಎತ್ತರ ಇರುತ್ತದೆ. ಲಿಫ್ಟ್ ಒತ್ತದೆಯೇ ದಾಟಬಹುದು! ತಾತ ಇಷ್ಟು ದಿನ ಹಲಗೆ ಇಟ್ಟು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ, ಹಂಪನ್ನು ಅಗಲ ಮಾಡುತ್ತಿದ್ದರು.

ಅದು ಪಂಚಾಯಿತಿ ರಸ್ತೆ ಆಗಿದ್ದರೆ ನಾವು ಕೈ ಹಾಕುವ ಹಾಗಿರಲಿಲ್ಲ. ಆದರೆ ಅದು ಐದಾರು ತೋಟದವರು ಸೇರಿ ತಮ್ಮ ಜಾಗದಲ್ಲೇ ಮಾಡಿಕೊಂಡ ದಾರಿ. ಹಾಲಿನ ಗಾಡಿ, ಟ್ರ್ಯಾಕ್ಟರ್ ಜೋರಾಗಿ ಬರುತ್ತವೆ ಅಂತ ಹಂಪನ್ನೂ ಅವರೇ ಹಾಕಿಸಿದ್ದರು. ಓನರ್ ಎಲ್ಲರ ಹತ್ತಿರ ಮಾತಾಡಿದರು. ಯಾರೂ ಬೇಡ ಅನ್ನಲಿಲ್ಲ, ದ್ರಾಕ್ಷಿ ಕ್ರೇಟು ಕುಲುಕುವುದು ತಪ್ಪುತ್ತದೆ ಅಂತ ಒಬ್ಬರು ಖುಷಿಯೇ ಪಟ್ಟರು. ಅದೂ ನಿಜ, ನನಗೆ ಹೊಳೆದೇ ಇರಲಿಲ್ಲ. ಮೇಸ್ತ್ರಿಗೆ ನಾನು ಮೂರೇ ಅಳತೆ ಕೊಟ್ಟೆ. ನಡುವೆ 10 ಸೆಂ.ಮೀ., ನಡುವಿನಿಂದ ಅಂಚಿಗೆ ಅರ್ಧ ದಾರಿಯಲ್ಲಿ ಏಳೂವರೆ, ಅಂಚಿನಲ್ಲಿ ಸೊನ್ನೆ. ಅವರು ದಾರ ಎಳೆದು, ಗೂಟಕ್ಕೆ ಗುರುತು ಹಾಕಿ, ಎರಡು ದಿನದಲ್ಲಿ ಮುಗಿಸಿದರು. ಮೇಲೆ ಬಿಳಿ ಪಟ್ಟಿ ಬಳಿಸಿದೆವು, ರಾತ್ರಿ ಬೈಕಿನವರಿಗೆ ಕಾಣಬೇಕಲ್ವಾ.

ಲಿಫ್ಟ್ ಕಿಟ್ ವ್ಯರ್ಥ ಆಗಲಿಲ್ಲ. ಹೈವೇಯಿಂದ ತೋಟದವರೆಗೆ ಬೇರೆ ಹಂಪುಗಳೂ ಇವೆ, ಬೆಂಗಳೂರಿನ ಮನೆ ಮುಂದೆ ಚರಂಡಿಯ ಚಪ್ಪಡಿ ಇದೆ. ಅಲ್ಲಿ ತಗಲುವುದು ಮೂತಿ ಮಾತ್ರ. ಅಂಥ ಕಡೆ ಬ್ರೇಕ್ ಒತ್ತಿಕೊಂಡು ಹೋಗಬೇಡಿ ಅಂತಲೂ ಹೇಳಿಕೊಟ್ಟೆ. ಬ್ರೇಕ್ ಒತ್ತಿದರೆ ಮೂತಿ ಬಗ್ಗುತ್ತದೆ, ಲಿಫ್ಟ್ ಕೊಟ್ಟ ಎತ್ತರದಲ್ಲಿ ಒಂದಿಷ್ಟು ಅಲ್ಲೇ ಹೋಗುತ್ತದೆ. ಹಂಪಿಗೆ ಮೊದಲೇ ನಿಲ್ಲಿಸಿ, ಬ್ರೇಕ್ ಬಿಟ್ಟು, ಮೆಲ್ಲಗೆ ಹತ್ತಿಸಬೇಕು.

ಈಗ ಲಿಫ್ಟ್ ಕಿಟ್ ಕೇಳಿಕೊಂಡು ಯಾರೇ ಬಂದರೂ ನಾನು ಲಿಪ್ ನೋಡುವ ಮೊದಲು ದಾರಿ ಕೇಳುತ್ತೇನೆ. ದಿನಾ ಎಲ್ಲಿ ದಾಟುತ್ತೀರಿ? ಈಗ ಹೇಗೆ ದಾಟುತ್ತಿದ್ದೀರಿ? ಹಲಗೆ, ಇಟ್ಟಿಗೆ, ಮರಳು ಚೀಲ ಏನಾದರೂ ಇಡುತ್ತೀರಾ, ಎಲ್ಲೆಲ್ಲಿ? ಸಾಧ್ಯವಾದರೆ ನಾನೇ ಹೋಗುತ್ತೇನೆ. ಆಗದಿದ್ದರೆ ಪಕ್ಕದಿಂದ ವಿಡಿಯೋ ತೆಗೆದು ಕಳಿಸಿ ಅನ್ನುತ್ತೇನೆ. ಮುಂದೆ ನಿಂತು ತೆಗೆದ ವಿಡಿಯೋದಲ್ಲಿ ಲಿಪ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೋದ ವಾರ ಯಲಹಂಕ ಕಡೆಯ ಒಬ್ಬರು ಬಂದಿದ್ದರು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ತಗಲುತ್ತದೆ ಅಂದರು. ಇಳಿಜಾರಿಗೆ ಎರಡು ತುದಿ. ಕೆಳಗಿನ ತುದಿಯಲ್ಲಿ ತಗಲುವುದು ಮೂತಿ, ಮೇಲಿನ ತುದಿಯಲ್ಲಿ ತಗಲುವುದು ಹೊಟ್ಟೆ. ಕೆಳಗಿನದಕ್ಕೆ ಲಿಫ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ, ಮೇಲಿನದಕ್ಕೆ ಅರ್ಧವೂ ಇಲ್ಲ. ಭಾನುವಾರ ಹೋಗಿ ನೋಡಿದೆ. ಅವರು ಗಾಡಿಯನ್ನು ಇಂಚು ಇಂಚಾಗಿ ಬಿಟ್ಟರು, ನಾನು ನೆಲಕ್ಕೆ ಮಲಗಿ ಟಾರ್ಚ್ ಹಾಕಿ ನೋಡಿದೆ. ಕೆಳಗೆ ಲಿಪ್ ತಗಲಿತು. ಮೇಲಿನ ತುದಿಯಲ್ಲಿ ಹೊಟ್ಟೆ ಕೆಳಗೆ ಎರಡು ಬೆರಳು ಜಾಗ ಇತ್ತು. ಬೆರಳು ಇಟ್ಟೇ ನೋಡಿದೆ. ಕಿಟ್ ಆರ್ಡರ್ ಮಾಡಿ ಅಂದೆ.