ನಾನು ‘ಬರುತ್ತೆ’ ಅಂದುಬಿಟ್ಟೆ

ಹಾಸನದ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಎಚ್‌ಆರ್. ಹಾಜರಿ, ಪಿಎಫ್, ಜಗಳ ಬಿಡಿಸೋದು, ಇನ್ಶೂರೆನ್ಸ್ ಕಾರ್ಡ್ ಹಂಚೋದು ಎಲ್ಲ ನನ್ನ ಟೇಬಲ್ಲಿಗೇ ಬರುತ್ತೆ. ಹೋದ ವರ್ಷ ಒಂದೇ ಒಂದು ಮಾತು ಹೇಳಿ ಒಬ್ಬರ ಕೈಯಿಂದ ಒಂಬತ್ತು ಸಾವಿರ ರೂಪಾಯಿ ಖರ್ಚು ಮಾಡಿಸಿದೆ.

ಅವರು ಕಟಿಂಗ್ ಸೆಕ್ಷನ್ ಸೂಪರ್‌ವೈಸರ್. ಚನ್ನರಾಯಪಟ್ಟಣದ ಕಡೆಯವರು. ಟೀ ಟೈಮಲ್ಲಿ ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಕೂರದೆ ನಿಂತೇ ಕೇಳಿದರು: “ಮೇಡಂ, ನಮ್ಮ ಇನ್ಶೂರೆನ್ಸ್‌ನಲ್ಲಿ ಮನಸ್ಸಿನ ಡಾಕ್ಟರ್‌ಗೂ ಬರುತ್ತಾ?” ಎರಡು ತಿಂಗಳಿಂದ ನಿದ್ದೆ ಇಲ್ಲವಂತೆ. ಶಿಪ್‌ಮೆಂಟ್ ದಿನ ಹತ್ತಿರ ಬಂದರೆ ಎದೆ ಡವಡವ. ಇಸಿಜಿ ಮಾಡಿಸಿದ್ದಾರೆ, ಏನೂ ಇಲ್ಲ.

“ಬರುತ್ತೆ, ಅದಕ್ಕೆ ಕಾನೂನೇ ಇದೆ” ಅಂದೆ. ಬ್ರೋಕರ್ ಕೊಟ್ಟಿದ್ದ ಪಾಂಪ್ಲೆಟ್‌ನಲ್ಲಿ ಮಾನಸಿಕ ಕಾಯಿಲೆಗೂ ಕವರ್ ಇದೆ ಅಂತ ದಪ್ಪಕ್ಷರದಲ್ಲಿತ್ತು. ನನಗೆ ಅಷ್ಟು ಸಾಕಾಗಿತ್ತು.

ಊರಲ್ಲಾದರೆ ಯಾರಾದರೂ ನೋಡಿಬಿಡುತ್ತಾರೆ ಅಂತ ಅವರು ಬೆಂಗಳೂರಿನ ಒಬ್ಬ ಥೆರಪಿಸ್ಟ್ ಹತ್ತಿರ ಹೋದರು. ಆರು ಶನಿವಾರ. ಒಂದೊಂದು ಸಲಕ್ಕೆ 1,500 ರೂಪಾಯಿ, ಬಸ್ ಚಾರ್ಜ್ ಬೇರೆ. ಆರೂ ಬಿಲ್ಲುಗಳನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಲ್ಲಿ ಮಡಚದೆ ಇಟ್ಟುಕೊಂಡು ತಂದಿದ್ದರು. ಕ್ಲೇಮ್ ಫಾರಂ ನಾನೇ ತುಂಬಿಸಿದೆ. ಮೂರು ವಾರಕ್ಕೆ ಟಿಪಿಎ ಇಂದ, ಅಂದರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡುವವರಿಂದ, ಮೇಲ್ ಬಂತು. ಓಪಿಡಿ ಖರ್ಚು (ಅಡ್ಮಿಟ್ ಆಗದೆ ತೋರಿಸಿಕೊಂಡು ಬಂದಿದ್ದು), ಪಾಲಿಸಿಯಲ್ಲಿ ಕೊಡುವುದಿಲ್ಲ. ಮುಗೀತು.

ತೋರಿಸಿದೆ. ಓದಿದರು. “ಪರವಾಗಿಲ್ಲ ಬಿಡಿ ಮೇಡಂ” ಅಂದು ಹೊರಟರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಸಂಜೆ ಮೊದಲ ಸಲ ಪಾಲಿಸಿಯನ್ನು ಪೂರ್ತಿ ಓದಿದೆ. ಪಾಂಪ್ಲೆಟ್ ಸುಳ್ಳು ಹೇಳಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೇಹದ ಕಾಯಿಲೆಗೆ ಹೇಗೆ ವಿಮೆ ಕೊಡುತ್ತಾರೋ ಮನಸ್ಸಿನ ಕಾಯಿಲೆಗೂ ಹಾಗೇ ಕೊಡಬೇಕು. 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಇದನ್ನು ಪಾಲಿಸಬೇಕು ಅಂತ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ಕೂಡ ಹೇಳಿತ್ತು. ಸರಿ, ಆದರೆ ನಮ್ಮ ಪಾಲಿಸಿ ದೇಹದ ಕಾಯಿಲೆಗೆ ಏನು ಕೊಡುತ್ತೆ? 24 ಗಂಟೆ ಅಡ್ಮಿಟ್ ಆದರೆ ಮಾತ್ರ ದುಡ್ಡು. ಜ್ವರ ಬಂತು ಅಂತ ಡಾಕ್ಟರಿಗೆ ಕೊಟ್ಟ ಫೀಸು ಬರಲ್ಲ. ಹಾಗೆಯೇ ಕೌನ್ಸೆಲಿಂಗ್ ಫೀಸೂ ಬರಲ್ಲ. ಎರಡಕ್ಕೂ ಒಂದೇ ಥರ ‘ಕೊಡಲ್ಲ’ ಅಂದರೂ ಕಾನೂನು ಪಾಲಿಸಿದ ಹಾಗೇ ಲೆಕ್ಕ! ಥೆರಪಿ ಅಂದರೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು ಮಾತಾಡೋದು. ಅದಕ್ಕೆ ಯಾರು ಅಡ್ಮಿಟ್ ಆಗುತ್ತಾರೆ?

“ಒಂದು ದಿನ ಮಲಗಿಸಿಬಿಡಿ ಮೇಡಂ, ಕ್ಲೇಮ್ ಆಗುತ್ತೆ” ಅಂತ ಪರಿಚಯದ ಏಜೆಂಟ್ ಒಬ್ಬರು ಐಡಿಯಾ ಕೊಟ್ಟರು. ಬೇಡ ಅಂದೆ. ಅಗತ್ಯ ಇಲ್ಲದ ಅಡ್ಮಿಷನ್ ಅಂತ ಕ್ಲೇಮ್ ತಳ್ಳಿಹಾಕುತ್ತಾರೆ, ಮೇಲೆ ಸುಳ್ಳು ಕ್ಲೇಮ್ ಅನ್ನೋ ಕಳಂಕ ಬೇರೆ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಚುಚ್ಚಿತು. ಆ ಸೂಪರ್‌ವೈಸರ್ ಕೈಕೆಳಗಿನ ಹೆಲ್ಪರ್‌ಗಳಿಗೆಲ್ಲ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದೆ. ತಿಂಗಳ ಸಂಬಳ 21,000 ದಾಟದವರಿಗೆ ಅದು. ಅಲ್ಲಿ ಓಪಿಡಿನೂ ಉಂಟು, ಮಾತ್ರೆಯೂ ಉಂಟು, ಬಿಲ್ ಹಿಡಿದು ಅಲೆಯುವ ಕೆಲಸ ಇಲ್ಲ. ಸೈಕೋಸಿಸ್‌ನಂಥ ದೊಡ್ಡ ಮಾನಸಿಕ ಕಾಯಿಲೆ ಬಂದು ಕೆಲಸಕ್ಕೆ ಬರಲಾಗದಿದ್ದರೆ, ಅರ್ಹತೆ ಇದ್ದವರಿಗೆ ಸಂಬಳದ ಶೇ. 80ರಷ್ಟು ಎರಡು ವರ್ಷದವರೆಗೂ ಸಿಗುತ್ತೆ. ಈ ಮನುಷ್ಯನೂ ಮೊದಲು ಇಎಸ್‌ಐನಲ್ಲೇ ಇದ್ದರು. ಪ್ರಮೋಷನ್ ಕೊಟ್ಟು, ಕೈ ಕುಲುಕಿ, ಅದರಿಂದ ಹೊರಗೆ ಹಾಕಿದ್ದು ನಾವೇ. ಪ್ರಮೋಷನ್ ಲೆಟರ್ ಟೈಪ್ ಮಾಡಿದ್ದೂ ನಾನೇ.

ಆಮೇಲೆ ಒಂದು ವಾರ ಫೋನ್ ಹಿಡಿದು ಕೂತೆ. ನೆಟ್‌ವರ್ಕ್ ಲಿಸ್ಟ್‌ನಲ್ಲಿದ್ದ ಹಾಸನದ ಆಸ್ಪತ್ರೆಗಳಿಗೆಲ್ಲ ಒಂದೊಂದಾಗಿ ಮಾಡಿದೆ. ಮೊದಲು “ಸೈಕಿಯಾಟ್ರಿಸ್ಟ್ ಇದ್ದಾರಾ” ಅಂತ ಕೇಳುತ್ತಿದ್ದೆ. ಇದ್ದಾರೆ ಅನ್ನುತ್ತಿದ್ದರು. ನಾಲ್ಕನೇ ಕಾಲ್ ಹೊತ್ತಿಗೆ ಬುದ್ಧಿ ಬಂತು. “ಯಾವ ವಾರ ಬರುತ್ತಾರೆ? ಥೆರಪಿ ಮಾಡುವವರು ಬೇರೆ ಇದ್ದಾರಾ? ಬಿಲ್ಲಿನಲ್ಲಿ ರಿಜಿಸ್ಟ್ರೇಷನ್ ನಂಬರ್ ಇರುತ್ತಾ?” ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಆದ ಮೇಲೆ ಅದನ್ನೇ ಓದಿದ ಡಾಕ್ಟರ್, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯಲ್ಲ, ಥೆರಪಿ ಮಾಡುತ್ತಾರೆ, ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನಂಬರ್ ಇರುತ್ತೆ. ಬರೀ ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರ ಬಿಲ್ಲು ತಂದರೆ, ಓಪಿಡಿ ಇರುವ ಪಾಲಿಸಿಯಲ್ಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ನಮ್ಮವರ ಆರು ಬಿಲ್ಲಲ್ಲಿ ಯಾವ ನಂಬರೂ ಇರಲಿಲ್ಲ. ನಾನು ಅವತ್ತು ನೋಡಿರಲೇ ಇಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಇನ್ಶೂರೆನ್ಸ್ ಇಂದ ಅಲ್ಲ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್‌ಗೆ ಸೇರಿದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಓಪಿಡಿ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಮಾಡುತ್ತಾರೆ. ಯಾವ ಮಂಗಳವಾರ ಅಂತ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಬೇಕು, ಇಲ್ಲಾಂದ್ರೆ ಸುಮ್ನೆ ಹೋಗಿ ಬಂದಂಗೆ. ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಂಡರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಈಗ ಕ್ಯಾಂಟೀನ್ ಗೋಡೆಗೆ ಅಂಟಿಸಿದ್ದೇನೆ. ಅದರ ಫೋಟೋ ತೆಗೆದುಕೊಳ್ಳುವವರು ಅಕ್ಕಪಕ್ಕ ನೋಡಿಯೇ ತೆಗೆದುಕೊಳ್ಳುತ್ತಾರೆ.

ಅಂದಹಾಗೆ ಆ ಟಿಪಿಎ ಮೇಲ್‌ನ ಸಬ್ಜೆಕ್ಟ್ ಸಾಲಿನಲ್ಲೇ ಕಾಯಿಲೆ ಹೆಸರಿತ್ತು. ಅದು ಎಚ್‌ಆರ್‌ನ ಎಲ್ಲರಿಗೂ ಹೋಗುವ ಐಡಿಗೆ ಬಂದಿತ್ತು. ನಾವು ಮೂರು ಜನ ಓದಿದ್ದೇವೆ, ಅವರಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಕ್ಲೇಮ್ ಹಾಕುವವರಿಗೆ ಅವರವರ ಫೋನ್‌ನಲ್ಲೇ ಟಿಪಿಎ ಆಪ್ ಹಾಕಿಕೊಟ್ಟು, ಅವರ ಸ್ವಂತ ಮೇಲ್ ಐಡಿ ಕೊಡಿಸುತ್ತೇನೆ. ನಮಗೆ ಬರೀ ಕ್ಲೇಮ್ ನಂಬರ್ ಗೊತ್ತಾದರೆ ಸಾಕು.

ರಿನ್ಯೂವಲ್‌ಗೆ ಓಪಿಡಿ ಸೇರಿಸಿ ರೇಟ್ ಕೊಡಿ ಅಂತ ಬ್ರೋಕರ್‌ಗೆ ಬರೆದೆ. ಕೊಟ್ಟರು. ರೇಟ್ ನೋಡಿ ನಮ್ಮ ಫೈನಾನ್ಸ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಫೈಲು ಇನ್ನೂ ಅವರ ಟೇಬಲ್ ಮೇಲಿದೆ.

ಸೂಪರ್‌ವೈಸರ್ ಈಗ ಚನ್ನರಾಯಪಟ್ಟಣದಲ್ಲೇ ತೋರಿಸಿಕೊಳ್ಳುತ್ತಿದ್ದಾರೆ. ಊರಿನವರು ನೋಡಿದರಂತೆ, ಏನೂ ಆಗಲಿಲ್ಲವಂತೆ. ಅವರು ಹೋಗುವ ಮಂಗಳವಾರ ಅರ್ಧ ದಿನದ ಗೇಟ್ ಪಾಸ್‌ಗೆ ನಾನೇ ಸಹಿ ಹಾಕುತ್ತೇನೆ. ಕಾರಣ ಅನ್ನುವ ಜಾಗದಲ್ಲಿ ‘ಸ್ವಂತ ಕೆಲಸ’ ಅಂತ ಬರೆದಿರುತ್ತಾರೆ.